ಹುಬ್ಬೆ ಮಳೆಯ ಗ್ರಹಣ

ಹರಟೆಗೆಂದೇ ಆಕಾಶ ಏನನ್ನಾದರೂ ಎತ್ತಿಟ್ಟುಕೊಂಡಿದ್ದರೆ ಅದು ಚಂದ್ರಗ್ರಹಣ. ನೀವೇ ಯೋಚಿಸಿ. ಸೂರ್ಯಗ್ರಹಣಕ್ಕೆ ಎಷ್ಟು ಆತುರ! ಪೂರ್ಣಗ್ರಹಣದ ನೆರಳು ಎಲ್ಲಿ ಹಾಯುತ್ತದೋ ಅಲ್ಲಿಗೆ ನಾವೇ ಹುಡುಕಿಕೊಂಡು ಹೋಗಬೇಕು. ಕಣ್ಣಿಗೆ ತಕ್ಕ ಕನ್ನಡಕ ಬೇಕು. ಇಷ್ಟೆಲ್ಲ ಆದ ಮೇಲೆ ಎರಡು ಮೂರು ನಿಮಿಷದಲ್ಲಿ ಕಪ್ಪು ಸರಿದು ಬೆಳಕು ಬಂದುಬಿಡುತ್ತದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಅಂಕೋಲೆಯ ಕಡಲಿನಿಂದ ರಾಜ್ಯದೊಳಕ್ಕೆ ಬಂದು ರಾಯಚೂರಿನ ಕಡೆ ದಾಟಿಹೋಯಿತು. ನಮ್ಮ ಶಿರಾದವರ ಪಾಲಿಗೆ ಬಂದದ್ದು ಪಾರ್ಶ್ವಗ್ರಹಣ ಮಾತ್ರ. ಚಂದ್ರಗ್ರಹಣಕ್ಕೆ ಈ ಭೇದಭಾವವಿಲ್ಲ. ಚಂದ್ರ ಯಾರ ಯಾರ ತಲೆಯ ಮೇಲಿದ್ದಾನೋ ಅವರೆಲ್ಲರಿಗೂ ಸಮಪಾಲು. ಟಿಕೆಟ್ ಬೇಡ, ಕನ್ನಡಕ ಬೇಡ, ಊರು ಬಿಡುವುದೂ ಬೇಡ. ತಾರಸಿಗೆ ಚಾಪೆ ಹಾಸಿದರೆ ಸಾಕು. ಮೂರೂವರೆ ಗಂಟೆ ನಡೆಯುವ ಈ ಆಟದಲ್ಲಿ ಮಧ್ಯೆ ಎದ್ದು ಹೋಗಿ ನೀರು ಕುಡಿದು ಬಂದರೂ, ಕುಡಿಯಬಾರದು ಅನ್ನುವವರು ಕುಡಿಯದೆ ಬಂದರೂ, ಏನೂ ತಪ್ಪಿಹೋಗುವುದಿಲ್ಲ.

ನಾನು ಹೇಳಹೊರಟದ್ದು 2025ರ ಸೆಪ್ಟೆಂಬರ್ 7ರ ಗ್ರಹಣದ ವಿಚಾರ. ಅಂದು ಭಾನುವಾರ, ಭಾದ್ರಪದ ಹುಣ್ಣಿಮೆ. ಹಿಂದಿನ ದಿನವಷ್ಟೇ ಅನಂತನ ಚತುರ್ದಶಿ ಮುಗಿದಿತ್ತು, ಮಾರನೆಯ ದಿನದಿಂದ ಪಿತೃಪಕ್ಷ. ಹಬ್ಬಕ್ಕೂ ಪಕ್ಷಕ್ಕೂ ನಡುವೆ ಸಿಕ್ಕ ಆ ಒಂದು ರಾತ್ರಿಗೆ ಮನೆಮಂದಿಯೆಲ್ಲ ಒಟ್ಟಾಗಿದ್ದೆವು. ಅಣ್ಣ ಅತ್ತಿಗೆ, ಅವರ ಮಗ, ನನ್ನ ಮಗಳು, ಮಧುಗಿರಿಯಿಂದ ಬಂದಿದ್ದ ಸೋದರಮಾವ, ಇವರೆಲ್ಲರ ಮೇಲೆ ಅವ್ವ.

ಮಕ್ಕಳಿಗೆ ಮೊದಲು ಬಂದ ಅನುಮಾನ ಏನು ಗೊತ್ತೇ? "ಚೌತಿ ದಿನ ಚಂದ್ರನ್ನ ನೋಡ್ಬೇಡ ಅಂದ್ರಿ, ಈಗ ಕಣ್ತುಂಬ ನೋಡು ಅಂತೀರಲ್ಲ?" ಆಗಸ್ಟ್ 27ರ ಗಣೇಶ ಚೌತಿಯ ಸಂಜೆ ಇದೇ ಮಕ್ಕಳನ್ನು ಅವ್ವ ತಲೆ ತಗ್ಗಿಸಿ ನಡೆಸಿಕೊಂಡು ಬಂದಿದ್ದಳು. ಚೌತಿ ಚಂದ್ರನನ್ನು ಕಂಡರೆ ಇಲ್ಲದ ಅಪವಾದ ಬರುತ್ತದೆ, ಕೃಷ್ಣನಿಗೇ ಶಮಂತಕಮಣಿಯ ಕಳ್ಳತನ ಅಂಟಿಕೊಂಡಿತಲ್ಲ! ಅಂದು ಹೆದರಿ ಬಿಟ್ಟ ತೆಳು ಚಂದ್ರನೇ ಹನ್ನೊಂದು ದಿನ ಬೆಳೆದು ತುಂಬಿ ಎದುರಿಗೆ ನಿಂತಿದ್ದ. ಅವ್ವ ಹೇಳಿದಳು: "ಚೌತಿ ಚೌತಿ ಕಣ್ಲಾ, ಇದು ಗ್ರಾಣ. ಅವನಿಗೇ ಕಷ್ಟ ಬಂದೈತೆ. ಕಷ್ಟದಾಗಿರೋರ್ನ ಮಾತಾಡಿಸ್ಬೇಕು." ಅಲ್ಲಿಗೆ ಚರ್ಚೆ ಮುಗಿಯಿತು. ನಾನು ಎಷ್ಟು ಪುಸ್ತಕ ಓದಿದ್ದರೂ ಇದಕ್ಕಿಂತ ಒಳ್ಳೆಯ ಕಾರಣ ಹೇಳುತ್ತಿರಲಿಲ್ಲ.

ಶಿರಾದಲ್ಲಿ ಕೂತು ಆಕಾಶ ನೋಡುವವರಿಗೆ ಒಂದು ಅನುಕೂಲವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಸುತ್ತಣ ಮೂರು ತಾಲ್ಲೂಕುಗಳೇ ನಮಗೆ ದಿಕ್ಸೂಚಿ. ಪಾವಗಡ ಈಶಾನ್ಯಕ್ಕೆ, ಮಧುಗಿರಿ ಪೂರ್ವಕ್ಕೆ, ಕೊರಟಗೆರೆ ಆಗ್ನೇಯಕ್ಕೆ. ಈಗ ವರ್ಷದ ಹುಣ್ಣಿಮೆಗಳನ್ನು ಲೆಕ್ಕ ಹಾಕಿ. ಚಳಿಗಾಲದ ಹುಣ್ಣಿಮೆ ಚಂದ್ರ ಹೆಚ್ಚುಕಡಿಮೆ ಪಾವಗಡದ ಕಡೆಯಿಂದ ಏಳುತ್ತಾನೆ. ಜೂನ್ ತಿಂಗಳ ಹುಣ್ಣಿಮೆಗೆ ಕೊರಟಗೆರೆಯ ಕಡೆಯಿಂದ. ನಡುವಿನ ಮಾರ್ಚ್, ಸೆಪ್ಟೆಂಬರ್ ಹುಣ್ಣಿಮೆಗಳಲ್ಲಿ ಮಧುಗಿರಿಯ ಕಡೆಯಿಂದ. ಸೂರ್ಯ ಚಳಿಗಾಲದಲ್ಲಿ ತೆಂಕಣಕ್ಕೆ ಜಾರಿದಾಗ ಅವನಿಗೆ ಎದುರಾಗಿ ನಿಲ್ಲಬೇಕಾದ ಹುಣ್ಣಿಮೆ ಚಂದ್ರ ಬಡಗಣಕ್ಕೆ ಏರುತ್ತಾನೆ, ಬೇಸಿಗೆ ಕಳೆಯುವ ಹೊತ್ತಿಗೆ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ಆ ಸಂಜೆ ಚಂದ್ರ ಹುಟ್ಟಿದ್ದು ಮಧುಗಿರಿ ರಸ್ತೆಯ ಕಡೆ. ಮಾವನ ಮುಖ ನೋಡಬೇಕಿತ್ತು! "ನಮ್ಮೂರಿನಿಂದ ನಾನೊಬ್ನೇ ಬಂದಿಲ್ಲ, ಇವನ್ನೂ ಕರ್ಕೊಂಡ್ ಬಂದಿವ್ನಿ" ಅಂದರು. ಏಕಶಿಲೆಯ ಬೆಟ್ಟದ ಊರಿನವರಿಗೆ ಅಷ್ಟು ಹೆಮ್ಮೆ ಸಲ್ಲಬೇಕಾದ್ದೇ. ಆ ಒಂಟಿ ಬಂಡೆಯನ್ನು ಕೋಟೆಯ ಮೆಟ್ಟಿಲು ಹಿಡಿದು ಏರಿದವರಿಗೆ ಗೊತ್ತು, ಮೇಲೆ ಹೋದಷ್ಟೂ ದಿಗಂತ ಎಷ್ಟು ಅಗಲವಾಗುತ್ತದೆ ಅಂತ.

ಆದರೆ ದಿಗಂತ ಅಗಲವಾಗಿದ್ದರೆ ಸಾಲದು, ಮೋಡ ಬಿಡಬೇಕಲ್ಲ? ನಮ್ಮದು ಮಳೆ ಕಡಿಮೆಯ ಸೀಮೆ. ಮುಂಗಾರಿನ ಮೋಡವೆಲ್ಲ ಪಶ್ಚಿಮಘಟ್ಟದಲ್ಲಿ ಸುರಿದು, ಇಲ್ಲಿಗೆ ಬರುವ ಹೊತ್ತಿಗೆ ಹಗುರವಾಗಿರುತ್ತದೆ. ಆ ಬಿಸಿಲಿನ ಬಲದಿಂದಲೇ ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಎದ್ದಿದೆ. ಹಗಲು ಸೂರ್ಯನನ್ನು ಧಾರಾಳವಾಗಿ ಬಿಡುವ ಆಕಾಶ ರಾತ್ರಿ ನಕ್ಷತ್ರಗಳನ್ನೂ ಧಾರಾಳವಾಗಿ ಬಿಡುತ್ತದೆ. ರೈತನ ಕೊರಗು ಆಕಾಶ ನೋಡುವವನಿಗೆ ವರ ಅಂತ ಹೇಳಲು ಮನಸ್ಸು ಒಪ್ಪುವುದಿಲ್ಲ, ಆದರೂ ಎರಡೂ ಒಂದೇ ಬಾನಿನ ಗುಣ. ಸೆಪ್ಟೆಂಬರ್ ಮೊದಲ ವಾರ ಮಾತ್ರ ಇಕ್ಕಟ್ಟಿನ ಕಾಲ. ಆಗ ನಡೆಯುತ್ತಿದ್ದದ್ದು ಹುಬ್ಬೆ ಮಳೆ.

ಹುಬ್ಬೆ ಅಂದ ಮೇಲೆ ಒಂದು ಮಾತು ಆಡಲೇಬೇಕು. ನಮ್ಮ ರೈತರು ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ, ಇದು ನಿಮಗೂ ಗೊತ್ತು. ರೋಹಿಣಿ, ಆರಿದ್ರಾ, ಪುಷ್ಯ, ಮಘೆ, ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆ ಆ ನಕ್ಷತ್ರದ್ದು. ಸೂರ್ಯ ಅಲ್ಲೇ ಕೂತಿರುವಾಗ ಆ ನಕ್ಷತ್ರ ಕಣ್ಣಿಗೆ ಕಾಣುವುದಾದರೂ ಹೇಗೆ? ಕಾಣುವುದಿಲ್ಲ. ಕಾಣದ ನಕ್ಷತ್ರದ ಹೆಸರಿನಲ್ಲಿ ಬಿತ್ತನೆ, ಕಳೆ, ಕೊಯ್ಲು ಎಲ್ಲ ನಡೆಯುತ್ತದೆ! ಇನ್ನು ತಿಂಗಳುಗಳ ಹೆಸರೋ, ಅದು ಚಂದ್ರನ ಲೆಕ್ಕ. ಹುಣ್ಣಿಮೆಯ ಚಂದ್ರ ಚಿತ್ತೆಯ ಹತ್ತಿರವಿದ್ದರೆ ಚೈತ್ರ, ಕೃತ್ತಿಕೆಯ ಹತ್ತಿರವಿದ್ದರೆ ಕಾರ್ತಿಕ, ಪೂರ್ವಾಭಾದ್ರ ಉತ್ತರಾಭಾದ್ರಗಳ ಹತ್ತಿರವಿದ್ದರೆ ಭಾದ್ರಪದ. ಅಂದರೆ ಹೊಲದ ಲೆಕ್ಕ ಸೂರ್ಯನದು, ಹಬ್ಬದ ಲೆಕ್ಕ ಚಂದ್ರನದು. ಇಪ್ಪತ್ತೇಳು ನಕ್ಷತ್ರಗಳನ್ನು ಬೆರಳಿನಲ್ಲಿ ಎಣಿಸಿಕೊಂಡು ಹೋಗಿ: ಹುಬ್ಬೆ, ಅಂದರೆ ಪೂರ್ವಾ ಫಾಲ್ಗುಣಿ, ಹನ್ನೊಂದನೆಯದು. ಪೂರ್ವಾಭಾದ್ರ ಇಪ್ಪತ್ತೈದನೆಯದು. ಒಂದಕ್ಕೊಂದು ನೇರ ಎದುರುಬದುರು. ಆ ರಾತ್ರಿ ಸೂರ್ಯ ಹುಬ್ಬೆಯಲ್ಲಿ, ಚಂದ್ರ ಪೂರ್ವಾಭಾದ್ರದಲ್ಲಿ, ನಡುವೆ ನಾವು. ಹೊಲದ ಪಂಚಾಂಗ ಒಂದು ತುದಿ, ಹಬ್ಬದ ಪಂಚಾಂಗ ಇನ್ನೊಂದು ತುದಿ, ಎರಡಕ್ಕೂ ಎಳೆದ ಗೆರೆ ನಮ್ಮ ತಾರಸಿಯನ್ನು ಹಾದು ಹೋಗುತ್ತಿತ್ತು ಅನ್ನಿ. ಮಗಳಿಗೆ ಇದನ್ನು ಹೇಳಿದಾಗ ಅವಳು ಕಾಲಿನ ಕೆಳಗೆ ನೋಡಿ, "ಹಾಗಾದ್ರೆ ಹುಬ್ಬೆ ಈಗ ನಮ್ಮ ಕಾಲಡಿ ಇದ್ಯಾ?" ಅಂತ ಕೇಳಿದಳು. ಅಲ್ಲವೇ ಮತ್ತೆ? ಮಳೆ ತರುವ ನಕ್ಷತ್ರ ಆ ಹೊತ್ತಿಗೆ ಭೂಮಿಯ ಆಚೆ ಬದಿಯಲ್ಲೇ ಇತ್ತು.

ಮೋಡ ಬಂತು, ಹೋಯಿತು. ಬೆಂಗಳೂರಿನಲ್ಲಿ ಮೋಡ ಇನ್ನಷ್ಟು ಕಾಡಿತು. ಅಲ್ಲಿಯ ಭಾರತೀಯ ಖಭೌತ ಸಂಸ್ಥೆಯವರು ಗ್ರಹಣದ ನೇರಪ್ರಸಾರ ಮಾಡಿದರು. ಅಣ್ಣನ ಮಗ ಮೊಬೈಲಿನಲ್ಲಿ ಅದನ್ನು ಹಚ್ಚಿಟ್ಟುಕೊಂಡಿದ್ದ. ಮೇಲೆ ಚಂದ್ರನಿರುವಾಗ ಅಂಗೈಯೊಳಗಿನ ಚಂದ್ರ ಯಾಕೆ ಅಂತ ಅತ್ತಿಗೆ ಕೇಳಿದರು. ಇರಲಿ ಬಿಡಿ, ಮೋಡ ಮುಚ್ಚಿದಾಗ ಅದೂ ಒಂದು ಆಸರೆ.

ನಮ್ಮ ಮನೆಯಲ್ಲಿ ಒಂದು ದುರ್ಬೀನು ಇದೆ. ಅದು ಆಕಾಶಕ್ಕೆಂದು ಬಂದದ್ದಲ್ಲ, ಕಗ್ಗಲಡುವಿಗೆಂದು ಬಂದದ್ದು. ಶಿರಾದಿಂದ ಹತ್ತಿರದಲ್ಲೇ ಇರುವ ಆ ಹಳ್ಳಿಯ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಆ ಹಕ್ಕಿಗಳನ್ನು ತಮ್ಮ ಮನೆಮಕ್ಕಳೆಂದು ಕಾಯುತ್ತಾರೆ, ಮರದ ಕೆಳಗೆ ಗದ್ದಲ ಮಾಡಲು ಬಿಡುವುದಿಲ್ಲ. ಕೊಕ್ಕರೆಯ ರೆಕ್ಕೆಯ ಗುಲಾಬಿ ಗರಿ ನೋಡಲು ತಂದ ದುರ್ಬೀನು ಒಂದು ಸಂಜೆ ಹಾಗೇ ಮೇಲಕ್ಕೆ ತಿರುಗಿತು, ಚಂದ್ರನ ಕುಳಿಗಳು ಕಂಡವು, ಅಲ್ಲಿಂದ ಅದರ ಕೆಲಸವೇ ಬದಲಾಯಿತು. ಹೊಸದಾಗಿ ಆಕಾಶ ನೋಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲೇ ದೊಡ್ಡ ದೂರದರ್ಶಕ ಕೊಳ್ಳಬೇಡಿ. 7 ಪಟ್ಟೋ 10 ಪಟ್ಟೋ ಹಿಗ್ಗಿಸುವ, 50 ಮಿಲಿಮೀಟರ್ ಗಾಜಿನ ದುರ್ಬೀನು ಸಾಕು. ಮಲಗಿಕೊಂಡು ನೋಡಿ, ಅಥವಾ ಮೊಣಕೈಯನ್ನು ತಾರಸಿಯ ಗೋಡೆಗೆ ಊರಿ ನೋಡಿ, ಕೈ ನಡುಗುವುದು ನಿಲ್ಲುತ್ತದೆ. ಗ್ರಹಣದ ದಿನ ಇದರಲ್ಲಿ ಚಂದ್ರ ಚಪ್ಪಟೆ ತಟ್ಟೆಯಾಗಿ ಕಾಣುವುದಿಲ್ಲ, ಗುಂಡಗೆ, ತೂಕವಾಗಿ, ಕತ್ತಲಲ್ಲಿ ನೇತಾಡುವ ವಸ್ತುವಾಗಿ ಕಾಣುತ್ತಾನೆ. ಅದನ್ನು ಮೊದಲ ಸಲ ಕಂಡವರ ಬಾಯಿಂದ ಬರುವ ಉದ್ಗಾರ ಕೇಳುವುದಕ್ಕೇ ನಾನು ದುರ್ಬೀನನ್ನು ಬೇರೆಯವರ ಕೈಗೆ ಕೊಡುತ್ತಿರುತ್ತೇನೆ.

ಅವತ್ತು ಇನ್ನೊಬ್ಬ ಅತಿಥಿ ಬಂದಿದ್ದ. ಚಂದ್ರನಿಂದ ಪೂರ್ವಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯಲ್ಲಿ ಅಳೆದರೆ ಒಂದೂವರೆ ಮುಷ್ಟಿ ದೂರದಲ್ಲಿ, ಮಿನುಗದೆ ಸ್ಥಿರವಾಗಿ ಹೊಳೆಯುವ ಹಳದಿ ಚುಕ್ಕಿ. ಶನಿ. ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಪ್ರತಿ ವರ್ಷ ಎಳ್ಳೆಣ್ಣೆ ಹಿಡಿದು ಹೋಗುವ ಅತ್ತಿಗೆ ಆವರೆಗೆ ಆ ಶನಿಯನ್ನು ಆಕಾಶದಲ್ಲಿ ನೋಡಿರಲೇ ಇಲ್ಲ. "ಇವನೇನಾ? ಇಷ್ಟು ಸೌಮ್ಯವಾಗವ್ನೆ!" ಎಂದು ಕೈಮುಗಿದರು. ಶನಿಯ ಬಳೆ ಕಾಣಲು ದುರ್ಬೀನು ಸಾಲದು, ಸಣ್ಣದೊಂದು ದೂರದರ್ಶಕ ಬೇಕು. ಅದಿದ್ದರೂ 2025ರಲ್ಲಿ ಬಳೆ ಅಗಲವಾಗಿ ಕಾಣುತ್ತಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಬಳೆಯ ಅಂಚು ನೇರವಾಗಿ ನಮ್ಮ ಕಡೆ ತಿರುಗಿತ್ತು. ಸೆಪ್ಟೆಂಬರಿನಲ್ಲೂ ಅದು ಶನಿಯ ನಡುವೆ ಎಳೆದ ಸಣ್ಣ ಗೆರೆ ಅಷ್ಟೇ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ.

ಗ್ರಹಣಕ್ಕೆ ಬರೋಣ. ಬಂದೆವೇ? ಇನ್ನೂ ಸ್ವಲ್ಪ ಪಂಚಾಂಗದ ಮಾತಿದೆ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಿಂದ ಹಿಡಿದು ಒಂಟಿಕೊಪ್ಪಲ್ ಪಂಚಾಂಗದವರೆಗೆ ಎಲ್ಲರೂ ಗ್ರಹಣಕ್ಕೆ ಸಮಯ ಕೊಡುತ್ತಾರೆ. ನೆರಳು ತಾಗುವುದು ಸ್ಪರ್ಶ, ಪೂರ್ತಿ ಮುಳುಗುವುದು ಸಮ್ಮೀಲನ, ನಡುಘಟ್ಟ ಮಧ್ಯಕಾಲ, ಮತ್ತೆ ಅಂಚು ಬೆಳಗುವುದು ಉನ್ಮೀಲನ, ಪೂರ್ತಿ ಬಿಡುವುದು ಮೋಕ್ಷ. ಅಂದಿನ ಲೆಕ್ಕ: ಸ್ಪರ್ಶ ರಾತ್ರಿ 9.57, ಸಮ್ಮೀಲನ 11.01, ಮಧ್ಯ 11.41ರ ಹೊತ್ತು, ಉನ್ಮೀಲನ 12.22ರ ಹೊತ್ತು, ಮೋಕ್ಷ 1.26. ಪಂಚಾಂಗ ಅದನ್ನು ರಾಹುಗ್ರಸ್ತ ಎಂದು ಕರೆದಿತ್ತು. ರಾಹು ಎಂದರೆ ಸರ್ಪವೆಂದು ಅವ್ವನ ಕಣ್ಣಿಗೆ ಕಟ್ಟಿದೆ. ಲೆಕ್ಕ ಮಾಡುವ ಜೋಯಿಸರಿಗೆ ರಾಹು ಒಂದು ಬಿಂದು, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಜಾಗ. ಎದುರು ಬದಿಯ ಇನ್ನೊಂದು ಜಾಗ ಕೇತು. ಚಂದ್ರನ ದಾರಿ 5 ಡಿಗ್ರಿಯಷ್ಟು ಓರೆಯಾಗಿರುವುದರಿಂದಲೇ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ. ಹುಣ್ಣಿಮೆಯ ಹೊತ್ತಿಗೆ ಚಂದ್ರ ಆ ಬಿಂದುವಿನ ಬಳಿ ಇದ್ದರೆ ಮಾತ್ರ ಭೂಮಿಯ ನೆರಳಿಗೆ ಸಿಕ್ಕುತ್ತಾನೆ. ಅದು ಭೂಮಿಯ ನೆರಳೇ ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದಿಟ್ಟ. ಕಥೆಯ ರಾಹುವೂ ಲೆಕ್ಕದ ರಾಹುವೂ ಒಂದೇ ಪುಸ್ತಕದಲ್ಲಿ ಇಷ್ಟು ಶತಮಾನ ಜಗಳವಾಡದೆ ಬಾಳಿರುವಾಗ, ಒಂದೇ ತಾರಸಿಯಲ್ಲಿ ಒಂದು ರಾತ್ರಿ ಕೂರಲಾರವೇ?

ಕೂತವು. ಅವ್ವ ಮಧ್ಯಾಹ್ನವೇ ಊಟ ಮುಗಿಸಿದ್ದಳು. ನೀರಿನ ಬಿಂದಿಗೆಗೆ, ಉಪ್ಪಿನಕಾಯಿ ಜಾಡಿಗೆ, ಹಾಲಿಗೆ ಗರಿಕೆ ಹಾಕಿದ್ದಳು. ಮಕ್ಕಳಿಗೆ ಸ್ಪರ್ಶಕ್ಕೆ ಮೊದಲೇ ಊಟ ಬಡಿಸಿದ್ದಾಯಿತು. ಆಮೇಲೆ ಒನಕೆ ನಿಲ್ಲಿಸುವ ಸಂಭ್ರಮ. ಕಂಚಿನ ತಟ್ಟೆಯಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸುವುದು, ಗ್ರಹಣ ಇರುವಷ್ಟು ಹೊತ್ತು ಅದು ನಿಂತಿರುತ್ತದೆ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲೆಲ್ಲ ಇದೆ. ಅಡಿ ಸಮತಟ್ಟಾಗಿರುವ ಒನಕೆ ತಾಳ್ಮೆಯಿಂದ ನಿಲ್ಲಿಸಿದರೆ ಯಾವ ದಿನವೂ ನಿಲ್ಲುತ್ತದೆ. ಇದನ್ನು ಮಕ್ಕಳೇ ಮಾರನೆಯ ದಿನ ಪರೀಕ್ಷೆ ಮಾಡಿ ಕಂಡುಕೊಂಡರು. ಕಂಡುಕೊಂಡ ಮೇಲೆ ಅವರಿಗೆ ಅಜ್ಜಿಯ ಮೇಲಿನ ಗೌರವ ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತು. ಅಜ್ಜಿಯ ಕೈ ಎಷ್ಟು ಸ್ಥಿರ ಅಂತ ಗೊತ್ತಾಯಿತು. ಬಸುರಿ ಹೆಂಗಸರು ಮಾತ್ರ ಹೊರಗೆ ಬರಬಾರದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹುಣ್ಣಿಮೆಯ ಬೆಳಕಿಗಿಂತ ಗ್ರಹಣದ ಬೆಳಕು ಕಡಿಮೆ, ಅಷ್ಟೇ. ಅದರಲ್ಲಿ ಹೊಸ ವಿಷವೇನೂ ಸೇರಿರುವುದಿಲ್ಲ. ಇಂಥ ಚೆಂದವನ್ನು ನೋಡಲು ಹೊಟ್ಟೆಯಲ್ಲಿ ಮಗುವಿರುವವಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

9.57ಕ್ಕೆ ಚಂದ್ರನ ಅಂಚಿನಲ್ಲಿ ಒಂದು ಕಚ್ಚು. ಅದಕ್ಕೂ ಮೊದಲೇ ಆ ಬದಿ ಮಂಕಾಗಿದ್ದನ್ನು ಮಾವ ಕಂಡುಹಿಡಿದಿದ್ದರು. ಈ ಕಚ್ಚಿನ ಅಂಚನ್ನು ಗಮನವಿಟ್ಟು ನೋಡಬೇಕು. ಅದು ಬಾಗಿದೆ. ಯಾವ ಗ್ರಹಣದಲ್ಲಿ ನೋಡಿದರೂ, ಚಂದ್ರ ಆಕಾಶದ ಯಾವ ಮೂಲೆಯಲ್ಲಿದ್ದರೂ, ಆ ಅಂಚು ಬಾಗಿಯೇ ಇರುತ್ತದೆ. ಎಲ್ಲ ಕಡೆಯಿಂದಲೂ ದುಂಡನೆ ನೆರಳು ಕೊಡುವ ಆಕಾರ ಚೆಂಡಿನದೊಂದೇ. ಅರಿಸ್ಟಾಟಲ್ ಭೂಮಿ ಗುಂಡಗಿದೆ ಎನ್ನಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ನಾವು ಅದನ್ನು ಅಡುಗೆಮನೆಯ ಪಾತ್ರೆಗಳಿಂದ ಅಳೆಯಲು ಕೂತೆವು. ಅಣ್ಣನ ಮಗ ಒಂದು ಲೋಟವನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದ, ಅದೇ ಚಂದ್ರ. ನೆರಳಿನ ಅಂಚು ಹೇಗೆ ಕಂಡಿತೋ ಹಾಗೆ ಅದರೊಳಗೆ ಒಂದು ಬಾಗು ಬರೆದ. ಈಗ ಆ ಬಾಗಿಗೆ ಸರಿಯಾಗಿ ಕೂರುವ ತಟ್ಟೆ ಯಾವುದು? ಬಟ್ಟಲು ಇಟ್ಟರೆ ಚಿಕ್ಕದಾಯಿತು, ಊಟದ ತಟ್ಟೆ ದೊಡ್ಡದಾಯಿತು, ತಿಂಡಿ ತಟ್ಟೆ ಹೊಂದಿಕೊಂಡಿತು. ಲೋಟದ ಅಗಲಕ್ಕೆ ಹೋಲಿಸಿದರೆ ಅದು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಭೂಮಿಯ ನೆರಳು ಚಂದ್ರನಿರುವ ದೂರದಲ್ಲಿ ನಿಜವಾಗಿಯೂ ಚಂದ್ರನ ಸುಮಾರು 2.6 ಪಟ್ಟು ಅಗಲವಿದೆ. ನೆರಳು ಹೋಗುತ್ತ ಹೋಗುತ್ತ ಕಿರಿದಾಗುತ್ತದೆ, ಅಷ್ಟು ದೂರಕ್ಕೆ ಸುಮಾರು ಒಂದು ಚಂದ್ರನಗಲ ಸವೆದಿರುತ್ತದೆ. ಅದನ್ನು ಕೂಡಿಸಿದರೆ ಭೂಮಿ ಚಂದ್ರನ ಮೂರೂವರೆ ಪಟ್ಟಿಗೂ ಮಿಕ್ಕಿ ಎಂದಾಯಿತು. 3,474 ಕಿಲೋಮೀಟರ್ ಅಗಲದ ಚಂದ್ರನನ್ನು 12,742 ಕಿಲೋಮೀಟರಿನ ಭೂಮಿಯ ಪಕ್ಕ ಇಟ್ಟು ನೀವೇ ಭಾಗಿಸಿ ನೋಡಿ. ಗ್ರೀಸಿನ ಅರಿಸ್ಟಾರ್ಕಸ್ 2,200ಕ್ಕೂ ಹೆಚ್ಚು ವರ್ಷಗಳ ಹಿಂದೆ ಹಿಡಿದ ದಾರಿ ಇದೇ. ತಿಂಡಿ ತಟ್ಟೆಗೆ ಇಷ್ಟು ದೊಡ್ಡ ಕೆಲಸ ಮಾಡಲು ಬರುತ್ತದೆ ಎಂದು ಅತ್ತಿಗೆಗೆ ಬಹಳ ಸಂತೋಷವಾಯಿತು.

ಈ ನಡುವೆ ಫೋನು. ಮೆಲ್ಬರ್ನ್‌ನಲ್ಲಿರುವ ತಂಗಿ. ಅವಳಿಗೆ ಆಗಲೇ ಸೋಮವಾರದ ನಸುಕು. ಲಂಡನ್ನಿನ ಸೋದರಳಿಯನಿಗೆ ಭಾನುವಾರದ ಸಂಜೆ, ಚಂದ್ರ ಇನ್ನೂ ಹುಟ್ಟಬೇಕು, ಹುಟ್ಟುವಾಗಲೇ ಕೆಂಪಾಗಿ ಹುಟ್ಟುತ್ತಾನೆ. ಅಮೆರಿಕದಲ್ಲಿರುವ ನೆಂಟರಿಗೆ ಹಗಲು, ಅವರ ಪಾಲಿಗೆ ಗ್ರಹಣವೇ ಇಲ್ಲ. ಗಡಿಯಾರಗಳು ಬೇರೆಬೇರೆ, ಆದರೆ ನೆರಳು ಚಂದ್ರನಿಗೆ ತಾಗುವ ಕ್ಷಣ ಎಲ್ಲರಿಗೂ ಒಂದೇ. ಸೂರ್ಯಗ್ರಹಣಕ್ಕೆ ಈ ಗುಣವಿಲ್ಲ, ಅದು ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಬರುತ್ತದೆ. ಚಂದ್ರಗ್ರಹಣದ ಈ ಏಕಕಾಲವನ್ನು ಹಿಡಿದುಕೊಂಡೇ ಹಿಂದಿನವರು ರೇಖಾಂಶ ಅಳೆದರು. ಎರಡು ಊರಿನವರು ತಮ್ಮ ತಮ್ಮ ಸ್ಥಳೀಯ ಹೊತ್ತನ್ನು ಬರೆದಿಟ್ಟುಕೊಂಡು ಆಮೇಲೆ ತಾಳೆ ನೋಡಿದರೆ, ಗಂಟೆಗೆ 15 ಡಿಗ್ರಿಯಂತೆ ನಡುವಿನ ದೂರ ಸಿಗುತ್ತದೆ. ತಂಗಿಯ ಊರಿನ ದೂರವನ್ನು ಅವ್ವ ಬೇರೆ ಬಗೆಯಲ್ಲಿ ಅಳೆದಳು. "ನಿಂಗೂ ಕಾಣ್ತೈತೇನಮ್ಮ? ಅದೇ ಚಂದ್ರನಾ? ಸರಿ ಬಿಡು, ಹತ್ರದಾಗೇ ಇದ್ದೀಯ."

11.01 ಆಯಿತು. ಕೊನೆಯ ಬೆಳ್ಳಿ ಎಳೆ ಮುಚ್ಚಿ ಚಂದ್ರ ಪೂರ್ತಿ ನೆರಳಿನೊಳಗೆ ಹೋದ. ಹೋದವನು ಕಾಣೆಯಾದನೇ? ಅದೇ ಸೋಜಿಗ. ಹುಣಸೆಹುಳಿ ಹಾಕಿ ತಿಕ್ಕದೆ ಬಿಟ್ಟ ಹಳೆಯ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿ ಅಲ್ಲೇ ಇದ್ದ. ನೆರಳಿನ ಒಳಕ್ಕೂ ಸ್ವಲ್ಪ ಬೆಳಕು ನುಸುಳುತ್ತದೆ. ಭೂಮಿಯ ಸುತ್ತ ಗಾಳಿಯ ಹೊದಿಕೆ ಇದೆಯಲ್ಲ, ಸೂರ್ಯನ ಕಿರಣ ಅದರ ಅಂಚನ್ನು ಹಾಯುವಾಗ ಬಾಗಿ ಒಳಕ್ಕೆ ಬರುತ್ತದೆ. ಹಾಯುವಾಗ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಸಂಜೆ ಬಾನು ಕೆಂಪಾಗುವುದೂ ಇದೇ ಕಾರಣಕ್ಕೆ. ಆ ಕ್ಷಣದಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ, ಎಲ್ಲೆಲ್ಲಿ ಮುಳುಗುತ್ತಿದ್ದಾನೋ, ಆ ಎಲ್ಲ ಬೆಳಗು ಬೈಗುಗಳ ಕೆಂಪು ಒಟ್ಟಾಗಿ ಚಂದ್ರನ ಮೇಲೆ ಬಿದ್ದಿತ್ತು. ನಾವು ನೋಡುತ್ತಿದ್ದದ್ದು ಚಂದ್ರನ ಸಂಕಟವನ್ನಲ್ಲ, ನಮ್ಮದೇ ನೆಲದ ನೆರಳನ್ನು, ನಮ್ಮದೇ ಗಾಳಿಯ ಬಣ್ಣವನ್ನು. ದಿನವಿಡೀ ನಾವು ತುಳಿಯುವ ಈ ನೆಲಕ್ಕೆ ಇಂಥದೊಂದು ನೆರಳಿದೆ, ಅದು ಲಕ್ಷಾಂತರ ಕಿಲೋಮೀಟರ್ ಚಾಚಿಕೊಂಡು ರಾತ್ರಿಯೆಲ್ಲ ನಮ್ಮ ತಲೆಯ ಮೇಲೆ ಸುಳಿದಾಡುತ್ತದೆ ಎಂದು ಬೇರೆ ಯಾವ ದಿನ ನೆನಪಾಗುತ್ತದೆ? ನೆರಳು ಬೀಳಲು ಗೋಡೆ ಬೇಕಲ್ಲ. ಆ ಗೋಡೆ ಚಂದ್ರ.

ಗಾಳಿ ಕೊಳೆಯಾಗಿದ್ದರೆ ಕೆಂಪು ಕಂದುತ್ತದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಮೇಲಿನ ವಾಯುಮಂಡಲವನ್ನು ಮಸುಕು ಮಾಡಿತು. ಮಾರನೆಯ ವರ್ಷ ಡಿಸೆಂಬರ್ 10ರ ನಸುಕಿನಲ್ಲಿ ನಮ್ಮ ಕಡೆಯೂ ಕಾಣುವಂತಿದ್ದ ಗ್ರಹಣದಲ್ಲಿ ಚಂದ್ರ ಬಹಳ ಕಪ್ಪಾಗಿದ್ದ. ಎಲ್ಲಿಯೋ ಉಗುಳಿದ ಬೆಟ್ಟದ ಹೊಗೆ ಚಂದ್ರನ ಮುಖದಲ್ಲಿ ಓದಲು ಸಿಗುತ್ತದೆ! ಫ್ರಾನ್ಸಿನ ಆಂದ್ರೆ ಡ್ಯಾಂಜನ್ ಎಂಬ ಖಗೋಳಜ್ಞ ಈ ಬಣ್ಣಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ಹಾಕಿಕೊಟ್ಟ. ಕಣ್ಣಿಗೇ ಕಾಣದಷ್ಟು ಕಪ್ಪಾದರೆ ಸೊನ್ನೆ, ಹೊಳೆಯುವ ಕಿತ್ತಳೆಯಾದರೆ ನಾಲ್ಕು. ಯಂತ್ರ ಬೇಡ, ಬರಿಗಣ್ಣೇ ಪರೀಕ್ಷಕ. ನಮ್ಮ ತಾರಸಿಯಲ್ಲಿ ಅಂಕ ಹಾಕುವ ಸಭೆ ಸೇರಿತು. ಅತ್ತಿಗೆ ಉದಾರಿ, ಮೂರು ಕೊಟ್ಟರು. ಮಾವ ಎರಡು. ಮಗಳು ಎರಡೂವರೆ ಅಂತ ಹಟ ಹಿಡಿದಳು. ಅವ್ವನನ್ನು ಕೇಳಿದರೆ, "ಕಷ್ಟದಾಗಿರೋರಿಗೆ ಮಾರ್ಕ್ಸ್ ಹಾಕ್ತಾರೇನ್ರೋ" ಅಂದಳು.

ಚಂದ್ರ ಮಂಕಾದದ್ದೇ ತಡ, ಹುಣ್ಣಿಮೆಯ ಬೆಳಕಿನಲ್ಲಿ ಅಡಗಿದ್ದ ನಕ್ಷತ್ರಗಳೆಲ್ಲ ಒಂದೊಂದಾಗಿ ಹೊರಬಂದವು. ಹುಣ್ಣಿಮೆಯ ರಾತ್ರಿ ಇಷ್ಟು ಚುಕ್ಕಿ ಕಾಣುವುದು ಗ್ರಹಣದಲ್ಲಿ ಮಾತ್ರ. ಮಾವ ಆಗ ಜುಂಜಪ್ಪನ ವಿಷಯ ತೆಗೆದರು. ನಮ್ಮ ತಾಲ್ಲೂಕಿನ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ. ಆತನ ಕಾವ್ಯವನ್ನು ಉದ್ದನೆಯ ಬಿದಿರಿನ ಗಣೆಯನ್ನು ಊದುತ್ತ ರಾತ್ರಿಯಿಡೀ ಹಾಡುತ್ತಾರೆ. ರಾತ್ರಿಯೆಲ್ಲ ಹಾಡುವವರಿಗೆ, ರೊಪ್ಪದ ಬಳಿ ಮಲಗಿ ಕುರಿ ಕಾಯುವವರಿಗೆ, ಯಾವ ಚುಕ್ಕಿ ಎಲ್ಲಿಗೆ ಬಂದರೆ ಎಷ್ಟು ಹೊತ್ತಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹವ್ಯಾಸಿ ಖಗೋಳವೀಕ್ಷಕರೆಂದು ನಾವು ಇವತ್ತು ಕರೆಸಿಕೊಳ್ಳುತ್ತೇವೆ, ಅವರು ಯಾವ ಹೆಸರೂ ಇಲ್ಲದೆ ತಲೆತಲಾಂತರದಿಂದ ಆ ಕೆಲಸ ಮಾಡಿದ್ದಾರೆ. ಮಧುಗಿರಿ ದಾಟಿದರೆ ಗೌರಿಬಿದನೂರು. ಅದರ ಬಳಿ 1976ರಿಂದ ಒಂದು ರೇಡಿಯೊ ದೂರದರ್ಶಕ ಕೆಲಸ ಮಾಡುತ್ತ ಬಂದಿದೆ, ಬಯಲಿನಲ್ಲಿ ಸಾಲುಸಾಲಾಗಿ ನಿಂತ ಕಂಬ ತಂತಿಗಳೇ ಅದರ ಕಣ್ಣು. ಗಣೆಯವರು ಹಾಡುತ್ತ ಆಕಾಶ ನೋಡಿದರು, ಈ ದೂರದರ್ಶಕದವರು ಆಕಾಶದ ದನಿಯನ್ನೇ ಹಿಡಿಯುತ್ತಾರೆ. ಒಂದೇ ಸೀಮೆ.

ಅಷ್ಟರಲ್ಲಿ ಪಕ್ಕದ ಮನೆಯ ಸಾಹೇಬರು ನಮಾಜು ಮುಗಿಸಿ ತಮ್ಮ ತಾರಸಿಗೆ ಬಂದರು. ಗ್ರಹಣಕ್ಕೆಂದೇ ಮುಸ್ಲಿಮರಲ್ಲಿ ವಿಶೇಷ ಪ್ರಾರ್ಥನೆಯಿದೆ. ಪ್ರವಾದಿಯವರ ಎಳೆಯ ಮಗ ಇಬ್ರಾಹಿಂ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತಂತೆ. ಆ ಸಾವಿಗೇ ಸೂರ್ಯ ಕಂದಿದ ಎಂದು ಜನ ಆಡಿಕೊಂಡಾಗ, ಯಾರ ಹುಟ್ಟಿಗೂ ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿಯವರೇ ತಿದ್ದಿದರಂತೆ. ಮಗನನ್ನು ಕಳೆದುಕೊಂಡ ದಿನ ಅಂಥ ಮಾತು ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕು! ಸಾಹೇಬರು ಇದನ್ನು ಗೋಡೆಯಾಚೆಯಿಂದ ಹೇಳುತ್ತಿದ್ದರೆ ಅವ್ವ ಕಣ್ಣೊರೆಸಿಕೊಂಡಳು. 1687ರಿಂದ 1757ರವರೆಗೆ ಮೊಘಲ್ ಸುಬಾದ ಮುಖ್ಯಪಟ್ಟಣವಾಗಿದ್ದ ಊರು ನಮ್ಮದು. ಕಲ್ಲಿನ ಜುಮ್ಮಾ ಮಸೀದಿ, ಮಲಿಕ್ ರಿಹಾನ್ ದರ್ಗಾ, ಕಸ್ತೂರಿ ರಂಗಪ್ಪನಾಯಕ ಶುರುಮಾಡಿದ ಕೋಟೆ, ಎಲ್ಲದರ ಮೇಲೂ ಆ ತಾಮ್ರದ ಬೆಳಕು ಒಂದೇ ಸಮ ಬಿದ್ದಿತ್ತು.

ಕಲ್ಲು ಅಂದಾಗ ಶಾಸನಗಳ ನೆನಪು. ಗ್ರಹಣಕಾಲದಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಹೆಚ್ಚೆಂದು ನಮ್ಮ ಅರಸರು, ಸಾಮಂತರು, ಊರಗೌಡರು ಸೋಮಗ್ರಹಣದ ಹೊತ್ತು ನೋಡಿಕೊಂಡು ಭೂಮಿ ಬಿಟ್ಟರು, ಕೆರೆಗೆ ದತ್ತಿ ಕೊಟ್ಟರು. ಅದನ್ನು ಕಲ್ಲಿನಲ್ಲಿ ಕೆತ್ತಿಸಿ, ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಸಾಕ್ಷಿಗೆ ನಿಲ್ಲಿಸಿದರು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಶಾಸನದಲ್ಲಿ ಸಂವತ್ಸರ, ತಿಥಿ, ವಾರಗಳ ಜೊತೆ ಗ್ರಹಣವೂ ಇದ್ದರೆ ಇತಿಹಾಸಕಾರರಿಗೆ ಹಬ್ಬ. ಅಕ್ಷರ ಸವೆದಿರಬಹುದು, ವರ್ಷ ಅನುಮಾನವಿರಬಹುದು, ಚಂದ್ರ ಯಾವತ್ತು ನೆರಳಿಗೆ ಸಿಕ್ಕಿದ ಎನ್ನುವುದನ್ನು ಹಿಂದಕ್ಕೆ ಲೆಕ್ಕ ಹಾಕಿ ಹಿಡಿಯಬಹುದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಅವರು ಕಲ್ಲುಗಳ ಮೇಲಿನ ಇಂಥ ಆಕಾಶದ ದಾಖಲೆಗಳನ್ನೇ ಹುಡುಕಿ ಪುಸ್ತಕ ಮಾಡಿದ್ದಾರೆ. ದಾನ ಕೊಟ್ಟವನ ಹೆಸರು ಮರೆತರೂ ಅವನು ತಲೆಯೆತ್ತಿ ನೋಡಿದ ರಾತ್ರಿ ಸಿಕ್ಕುತ್ತದೆ. ಅವನ ಮನೆಯವರೂ ಅಂದು ಜೊತೆಗೆ ಕೂತು ನೋಡಿದ್ದರಲ್ಲವೇ? ಅವನ ಮಗಳೂ ಏನೋ ಕೇಳಿರಬೇಕು.

12.22 ದಾಟಿತು, ಅಂಚು ಬೆಳಗಿತು. ಮಕ್ಕಳು ಅಲ್ಲಲ್ಲೇ ಉರುಳಿ ನಿದ್ದೆ ಹೋದರು. 1.26ಕ್ಕೆ ಮೋಕ್ಷ. ಅವ್ವ ಸ್ನಾನಕ್ಕೆ ಎದ್ದಳು. ಅವಳ ಸ್ನಾನ ಮುಗಿಯುವವರೆಗೂ ಕಾದು, ಹುರಿದ ಕಡ್ಲೆಕಾಯಿ ಬೆಲ್ಲ ತಂದಿಟ್ಟುಕೊಂಡು ದೊಡ್ಡವರು ಮತ್ತೆ ಕೂತೆವು. ಗ್ರಹಣ ಮುಗಿದಿದ್ದರೂ ಮಾತು ಮುಗಿದಿರಲಿಲ್ಲ.

ಮುಂದಿನದು ಯಾವಾಗ ಎಂದು ಅಣ್ಣ ಕೇಳಿದ. ಸ್ಪರ್ಶದಿಂದ ಮೋಕ್ಷದವರೆಗೆ ಪೂರ್ತಿ ನಮ್ಮ ಕಣ್ಣೆದುರೇ ನಡೆಯುವ ಮುಂದಿನ ಪೂರ್ಣ ಚಂದ್ರಗ್ರಹಣ 2028ರ ಡಿಸೆಂಬರ್ 31ರ ರಾತ್ರಿ. ರಾತ್ರಿ 8.37ರ ಹೊತ್ತಿಗೆ ಸ್ಪರ್ಶ, 10.22ರ ಸುಮಾರಿಗೆ ಮಧ್ಯ, ಮೋಕ್ಷವಾಗುವುದು ಹನ್ನೆರಡು ದಾಟಿ ಐದಾರು ನಿಮಿಷಕ್ಕೆ. ಅಂದರೆ ಹಿಡಿಯುವುದು ಒಂದು ವರ್ಷ, ಬಿಡುವುದು ಇನ್ನೊಂದು ವರ್ಷ! ಚಳಿಗಾಲದ ಚಂದ್ರ, ಪಾವಗಡದ ಕಡೆಯಿಂದ ಏರಿ ಬರುತ್ತಾನೆ. ಮೋಡದ ಕಾಟ ಕಡಿಮೆ, ಚಳಿ ಜಾಸ್ತಿ. ಮಾವ ಆಗಲೇ ಎರಡು ಕರಿ ಕಂಬಳಿಗೆ ಹೇಳಿಯಾಗಿದೆ. ತಂಗಿ ರಜೆ ಹಾಕಿಕೊಂಡು ಬರುತ್ತೇನೆ ಅಂದಿದ್ದಾಳೆ. ಹನ್ನೆರಡು ಗಂಟೆಗೆ ಕೇಕ್ ಕತ್ತರಿಸಬೇಕೋ, ಮೋಕ್ಷವಾಗುವವರೆಗೆ ಕಾಯಬೇಕೋ ಎನ್ನುವ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಅವ್ವನ ತೀರ್ಪು ಕಾಯಬೇಕು ಅಂತ, ಮಕ್ಕಳ ವಾದ ಆರು ನಿಮಿಷಕ್ಕೆ ಯಾಕಿಷ್ಟು ಅಂತ. ನಿಮ್ಮ ಮನೆಯಲ್ಲೂ ಕೇಳಿ ನೋಡಿ, ಸಮಯ ಬೇಕಾದಷ್ಟಿದೆ. ಶಿರಾ ಕಡೆ ಬರುವುದಾದರೆ ನಮ್ಮ ತಾರಸಿಯಲ್ಲಿ ಜಾಗವೂ ಇದೆ. ದುರ್ಬೀನು ಒಂದೇ ಇರುವುದರಿಂದ, ಇದ್ದರೆ ನಿಮ್ಮದೂ ತನ್ನಿ.